ಹೊಸ ಸ್ಟಾರ್‌ಗೇಟ್‌ಗೆ ಯಾರು ಬರುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

2025ರ ನವೆಂಬರ್‌ನಲ್ಲಿ ಅಮೆಜಾನ್ ಹೊಸ ಸ್ಟಾರ್‌ಗೇಟ್ ಸೀರೀಸ್‌ಗೆ ಒಪ್ಪಿಗೆ ಕೊಟ್ಟ ಸುದ್ದಿ ಬಂತು. ಅವತ್ತು ನನ್ನ ಗೆಳೆಯರು ಮೊದಲು ಕೇಳಿದ್ದು ಕಥೆ ಏನು ಅಂತ ಅಲ್ಲ. ಯಾರನ್ನು ಹಾಕಿಕೊಳ್ಳುತ್ತಾರೆ ಅಂತ. ಅವತ್ತಿನಿಂದ ಅದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ಹಳೆಯ ಸೀರೀಸ್‌ಗಳ ಕೆಲವು ತಿರುವುಗಳು ಮಧ್ಯದಲ್ಲಿ ಬರುತ್ತವೆ, ಇನ್ನೂ ನೋಡದವರು ಜೋಪಾನ.

ಸ್ಟಾರ್‌ಗೇಟ್ ಅಂದರೆ ಏನು? ಬೇಗ ಹೇಳಿ.

ಈಜಿಪ್ಟಿನಲ್ಲಿ ಅಗೆಯುವಾಗ ಸಿಕ್ಕ ಒಂದು ದೊಡ್ಡ ಉಂಗುರ. ಸರಿಯಾದ ಏಳು ಚಿಹ್ನೆಗಳನ್ನು ಜೋಡಿಸಿದರೆ ಬೇರೊಂದು ಗ್ರಹದಲ್ಲಿರುವ ಇಂಥದ್ದೇ ಉಂಗುರಕ್ಕೆ ದಾರಿ ತೆರೆಯುತ್ತದೆ. 1994ರಲ್ಲಿ ಇದು ಸಿನಿಮಾ ಆಗಿ ಬಂತು. 1997ರಲ್ಲಿ ಟಿವಿಗೆ ಬಂದ ಎಸ್‌ಜಿ-1 ಹತ್ತು ಸೀಸನ್ ಓಡಿತು, 214 ಕಂತು. 2004ರಿಂದ 2009ರವರೆಗೆ ಅಟ್ಲಾಂಟಿಸ್, 100 ಕಂತು. ಆಮೇಲೆ ಯೂನಿವರ್ಸ್, 40 ಕಂತು, 2011ರ ಮೇ ತಿಂಗಳಲ್ಲಿ ಕಥೆ ಅರ್ಧಕ್ಕೇ ನಿಂತುಹೋಯಿತು. 2018ರಲ್ಲಿ ಒರಿಜಿನ್ಸ್ ಅಂತ ಒಂದು ಪುಟ್ಟ ವೆಬ್ ಸರಣಿ ಬಂದದ್ದು ಬಿಟ್ಟರೆ ಅಲ್ಲಿಂದ ಈಚೆಗೆ ಬರೀ ಕಾಯುವುದೇ ಆಯಿತು. 2022ರಲ್ಲಿ ಅಮೆಜಾನ್ ಎಂಜಿಎಂ ಸ್ಟುಡಿಯೋವನ್ನು ಕೊಂಡುಕೊಂಡಾಗ ಈ ಉಂಗುರವೂ ಅದರ ಜೊತೆಗೇ ಹೋಯಿತು.

ಇದು ಸೈನ್ಸ್ ಫಿಕ್ಷನ್ ಅಲ್ವಾ? ಕಥೆ ಚೆನ್ನಾಗಿದ್ದರೆ ಸಾಲದಾ? ನಟರ ಬಗ್ಗೆ ಇಷ್ಟು ಆತಂಕ ಯಾಕೆ?

ಎಸ್‌ಜಿ-1 ನೋಡಿದವರನ್ನು ಕೇಳಿ ನೋಡಿ. ಹೋದ ಗ್ರಹಗಳಲ್ಲಿ ಎಷ್ಟು ನೆನಪಿದೆ ಅಂತ. ಹೆಚ್ಚಿನ ಗ್ರಹಗಳು ಚಿತ್ರೀಕರಣ ನಡೆದ ಕೆನಡಾದ ವ್ಯಾಂಕೂವರ್ ಸುತ್ತಮುತ್ತಲಿನ ಅದೇ ಕಾಡು, ಅದೇ ಮೋಡ. ನೆನಪಿರುವುದು ನಾಲ್ಕು ಜನ. ಗೊಣಗಿಕೊಂಡೇ ಜೀವ ಕೊಡಲು ತಯಾರಾಗುವ ಕರ್ನಲ್ ಒನೀಲ್, ಪುಸ್ತಕದ ಹುಳುವಾದ ಭಾಷಾ ತಜ್ಞ ಡೇನಿಯಲ್, ವಿಜ್ಞಾನಿಯೂ ಸೈನಿಕಳೂ ಆದ ಕಾರ್ಟರ್, ಮತ್ತೆ ಒಂದು ಹುಬ್ಬು ಏರಿಸಿದರೆ ಒಂದು ಪುಟದ ಸಂಭಾಷಣೆ ಹೇಳಿದಂತಾಗುವ ಟೀಲ್ಕ್. ಈ ನಾಲ್ವರು ಬಾಗಿಲು ದಾಟುವುದನ್ನು ನೋಡಲು ವಾರಾವಾರ ಕೂತವರು ನಾವು.

ಆ ಹೊಂದಾಣಿಕೆ ಅದೃಷ್ಟದಿಂದ ಮಾತ್ರ ಬಂದದ್ದಲ್ಲ. ಆಡಿಷನ್‌ನ ಕೊನೆಯ ಸುತ್ತಿಗೆ ಬರುವಷ್ಟರಲ್ಲಿ ಡೇನಿಯಲ್ ಆದ ಮೈಕೆಲ್ ಶ್ಯಾಂಕ್ಸ್, ಕಾರ್ಟರ್ ಆದ ಅಮಾಂಡಾ ಟ್ಯಾಪಿಂಗ್, ಟೀಲ್ಕ್ ಆದ ಕ್ರಿಸ್ಟೋಫರ್ ಜಡ್ಜ್ ಮೂವರಿಗೂ, ಇನ್ನೂ ಯಾರೂ ಆಯ್ಕೆಯಾಗುವ ಮುಂಚೆಯೇ, ಒಬ್ಬರಿಗೊಬ್ಬರು ಸರಿಹೊಂದಿಬಿಟ್ಟಿತ್ತು. ರಿಚರ್ಡ್ ಡೀನ್ ಆಂಡರ್ಸನ್ ಒನೀಲ್ ಪಾತ್ರವನ್ನು ಒಪ್ಪಿಕೊಳ್ಳುವಾಗ ಎರಡು ಮಾತು ಇಟ್ಟಿದ್ದರು. ನನ್ನ ಪಾತ್ರಕ್ಕೆ ತಮಾಷೆ ಮಾಡಲು ಜಾಗ ಬೇಕು. ಮತ್ತೆ ಕಥೆಯ ಭಾರವೆಲ್ಲ ನನ್ನೊಬ್ಬನ ಮೇಲೆ ಬೀಳಬಾರದು, ಇದು ತಂಡದ ಕಥೆ ಆಗಬೇಕು. ಅದಕ್ಕೂ ಮುಂಚೆ ಮೆಕ್‌ಗೈವರ್‌ನಲ್ಲಿ ಅವರು ಏಳು ಸೀಸನ್ ಒಬ್ಬರೇ ಎಳೆದವರು, ಅದರ ಕಷ್ಟ ಗೊತ್ತಿತ್ತು. ಹೊಸ ಸೀರೀಸ್‌ನಲ್ಲೂ ನಾಯಕ ಅಥವಾ ನಾಯಕಿ ಯಾರೇ ಆಗಲಿ, ಇಂಥ ಮನಸ್ಸಿನವರು ಸಿಗಲಿ ಅನ್ನುವುದು ನನ್ನ ಮೊದಲ ಹಾರೈಕೆ.

ಒನೀಲ್, ಡೇನಿಯಲ್ ಪಾತ್ರಗಳಿಗೇ ಹೊಸ ನಟರನ್ನು ಹಾಕಿಬಿಟ್ಟರೆ?

ಇದು ಎಲ್ಲರ ದೊಡ್ಡ ಭಯ. ನನಗೂ ಇದೆ. ಆದರೆ ಒಂದು ವಿಷಯ ಮರೆಯಬಾರದು: ನಾವು ಪ್ರೀತಿಸುವ ಒನೀಲ್ ಕೂಡ ಬದಲಿ ನಟರೇ. ಸಿನಿಮಾದಲ್ಲಿ ಆ ಪಾತ್ರ ಮಾಡಿದವರು ಕರ್ಟ್ ರಸೆಲ್, ಡೇನಿಯಲ್ ಆಗಿದ್ದವರು ಜೇಮ್ಸ್ ಸ್ಪೇಡರ್. ಮೂರೇ ವರ್ಷದಲ್ಲಿ ಟಿವಿಯಲ್ಲಿ ಬೇರೆ ಮುಖಗಳು ಬಂದವು.

ಅಲ್ಲಿ ಇಬ್ಬರೂ ಹಿಡಿದ ದಾರಿ ಬೇರೆ ಬೇರೆ. ಶ್ಯಾಂಕ್ಸ್ ಮೊದಮೊದಲು ಸ್ಪೇಡರ್ ಅವರ ಮಾತಿನ ಧಾಟಿ, ತಡವರಿಕೆ, ಕನ್ನಡಕದ ಹಿಂದಿನ ನೋಟ ಎಲ್ಲವನ್ನೂ ತುಂಬಾ ಹತ್ತಿರದಿಂದ ಹಿಡಿದರು, ನಿಧಾನವಾಗಿ ಅದನ್ನು ಬಿಟ್ಟು ತಮ್ಮದೇ ಡೇನಿಯಲ್‌ನನ್ನು ಬೆಳೆಸಿದರು. ಆಂಡರ್ಸನ್ ಮಾತ್ರ ರಸೆಲ್ ಅವರ ಕಡೆ ತಿರುಗಿಯೂ ನೋಡಲಿಲ್ಲ. ಸಿನಿಮಾದಲ್ಲಿ ಮಗನನ್ನು ಕಳೆದುಕೊಂಡು ಕಲ್ಲಾದ ಮನುಷ್ಯ, ಟಿವಿಯಲ್ಲಿ ಅದೇ ನೋವನ್ನು ಒಳಗೆ ಇಟ್ಟುಕೊಂಡು ಮೇಲೆ ಚೇಷ್ಟೆ ಮಾಡುವ ಮನುಷ್ಯ. ಹೆಸರಿನ ಸ್ಪೆಲ್ಲಿಂಗೂ ಬದಲಾಯಿತು, ಒಂದು 'ಎಲ್' ಇದ್ದದ್ದು ಎರಡಾಯಿತು. ಒಂದು 'ಎಲ್' ಇರುವ ಇನ್ನೊಬ್ಬ ಒನೀಲ್ ಇದ್ದಾನೆ, ಅವನಿಗೆ ಹಾಸ್ಯ ಪ್ರಜ್ಞೆಯೇ ಇಲ್ಲ ಅಂತ ಎರಡನೇ ಸೀಸನ್‌ನಲ್ಲಿ ಟಿವಿಯ ಒನೀಲೇ ಹೇಳುತ್ತಾನೆ.

ಎರಡೂ ದಾರಿ ಫಲ ಕೊಟ್ಟವು. ಆದರೂ ಈಗ ಅದನ್ನೇ ಮತ್ತೆ ಮಾಡಬಾರದು ಅಂತ ನನ್ನ ಅಭಿಪ್ರಾಯ. ಅವತ್ತು ಜನರ ಮನಸ್ಸಿನಲ್ಲಿದ್ದದ್ದು ಎರಡು ಗಂಟೆಯ ಒಂದು ಸಿನಿಮಾ. ಇವತ್ತು ಇರುವುದು 214 ಕಂತು. ಅಷ್ಟು ವರ್ಷ ಮನೆಯೊಳಗೆ ಬಂದು ಹೋದ ಮುಖವನ್ನು ಒರೆಸಿ ಅಲ್ಲಿ ಇನ್ನೊಂದನ್ನು ಅಂಟಿಸಿದರೆ ಆ ಹೊಸ ನಟನಿಗೇ ಅನ್ಯಾಯ. ನಮ್ಮ ಧಾರಾವಾಹಿಗಳಲ್ಲಿ ಒಂದು ಸೋಮವಾರ ಇದ್ದಕ್ಕಿದ್ದಂತೆ ಬೇರೆ ಮುಖ ಬಂದು ಅದೇ ಸೊಸೆ ಅಂತ ನಿಂತುಕೊಳ್ಳುತ್ತದೆ, ಮನೆಯವರು ಒಂದು ವಾರ ಗೊಣಗಿ ಆಮೇಲೆ ಒಗ್ಗಿಕೊಳ್ಳುತ್ತಾರೆ. ದಿನಾ ಬರುವ ಧಾರಾವಾಹಿಗೆ ಅದು ನಡೆಯುತ್ತದೆ. ವರ್ಷಕ್ಕೊಮ್ಮೆ ಬರುವ ಸೀರೀಸ್‌ಗೆ ನಡೆಯುವುದಿಲ್ಲ.

ಹಾಗಾದರೆ ಹೊಸ ಪಾತ್ರ, ಹೊಸ ನಟ. ಅದೂ ಕೆಟ್ಟದ್ದಾಗಬಹುದಲ್ವಾ?

ಆಗಬಹುದು. ಇದಕ್ಕೆ ಜೋನಸ್ ಕ್ವಿನ್ ಕಥೆ ಹೇಳಲೇಬೇಕು.

ಐದನೇ ಸೀಸನ್ ಕೊನೆಯಲ್ಲಿ ಶ್ಯಾಂಕ್ಸ್ ಹೊರಗೆ ಹೋದರು. ಡೇನಿಯಲ್‌ಗೆ ಮಾಡಲು ಸಾಕಷ್ಟು ಕೆಲಸ ಉಳಿದಿಲ್ಲ ಅಂತ ಅವರಿಗೆ ಅನಿಸಿತ್ತು. 2002ರಲ್ಲಿ ಆರನೇ ಸೀಸನ್‌ಗೆ ಕೋರಿನ್ ನೆಮೆಕ್ ಬಂದರು, ಜೋನಸ್ ಅನ್ನುವ ಹೊಸ ಪಾತ್ರದಲ್ಲಿ. ಅಭಿಮಾನಿಗಳು 'ಡೇನಿಯಲ್ ಜಾಕ್ಸನ್‌ನನ್ನು ಉಳಿಸಿ' ಅಂತ ಅಭಿಯಾನ ಮಾಡಿದರು. ಅದರ ಸಿಟ್ಟು ಎಷ್ಟೋ ಸಲ ನೆಮೆಕ್ ಮೇಲೆ ಹೋಯಿತು. ಅವರು ಏನು ತಪ್ಪು ಮಾಡಿದ್ದರು? ಏನೂ ಇಲ್ಲ. ಪಾತ್ರಕ್ಕೆ ಅವರು ಒಂದು ಸಂತೋಷ ತಂದರು: ಭೂಮಿಯ ತಿಂಡಿ, ಹವಾಮಾನ ವರದಿ, ಎಲ್ಲವನ್ನೂ ಮಗುವಿನ ಥರ ಬೆರಗಿನಿಂದ ನೋಡುವವನು ಈ ಜೋನಸ್.

ನಾನು ಈ ಸೀಸನ್ ಮೊದಲ ಸಲ ನೋಡುವಾಗ ಪಿಯುಸಿಯಲ್ಲಿದ್ದೆ, ಅಣ್ಣನ ಹಾರ್ಡ್ ಡಿಸ್ಕ್‌ನಲ್ಲಿ ಇತ್ತು. ಡೇನಿಯಲ್ ಇಲ್ಲ ಅಂತ ಸಿಟ್ಟಿನಲ್ಲಿ ನಾಲ್ಕೈದು ಕಂತು ಓಡಿಸಿಬಿಟ್ಟೆ. ಎರಡನೇ ಸಲ ಪೂರ್ತಿ ನೋಡಿದಾಗ ಜೋನಸ್ ಹೋಗುವ ಹೊತ್ತಿಗೆ ಬೇಜಾರಾಯಿತು. ತೊಂದರೆ ನಟನದ್ದಲ್ಲ, ಕುರ್ಚಿಯದ್ದು. ತಂಡಕ್ಕೆ ಬರಬೇಕಾದ ಐದನೆಯವನನ್ನು ಅವರು ಖಾಲಿಯಾದ ಡೇನಿಯಲ್ ಕುರ್ಚಿಯಲ್ಲಿ ಕೂರಿಸಿದರು. ಬೇರೆಯವರ ಕುರ್ಚಿಯಲ್ಲಿ ಕೂತವರನ್ನು ನಾವು ಮೊದಲು ನೋಡುವುದು ಅಳತೆ ಮಾಡುವ ಕಣ್ಣಿನಿಂದಲೇ.

ಇದಕ್ಕೆ ತಿರುಗುಮುರುಗಾದದ್ದು ಅಟ್ಲಾಂಟಿಸ್‌ನಲ್ಲಿ ನಡೆಯಿತು. 2005ರಲ್ಲಿ, ಎರಡನೇ ಸೀಸನ್‌ನಲ್ಲಿ, ಲೆಫ್ಟಿನೆಂಟ್ ಫೋರ್ಡ್ ಪಾತ್ರ ಹಿಂದೆ ಸರಿದು ರೋನನ್ ಬಂದ. ಮಾಡಿದವರು ಜೇಸನ್ ಮೊಮೊವಾ. ರೋನನ್ ಫೋರ್ಡ್ ಥರ ಒಂದು ಚೂರೂ ಇರಲಿಲ್ಲ. ಸಮವಸ್ತ್ರ ಇಲ್ಲ, ಮಾತು ಕಡಿಮೆ, ಏಳು ವರ್ಷ ಬೇಟೆಗೆ ಗುರಿಯಾಗಿ ಓಡುತ್ತಲೇ ಇದ್ದವನು. ಅವನಿಗೆ ಅವನದೇ ಕಥೆ, ಅವನದೇ ಜಾಗ ಇತ್ತು. ಜನ ಬೇಗ ಒಪ್ಪಿಕೊಂಡರು.

ಬೇರೆ ಸೀರೀಸ್‌ನ ಪರಿಚಿತ ಮುಖಗಳನ್ನು ತಂದರೆ?

2005ರಲ್ಲೇ ಎಸ್‌ಜಿ-1ಗೆ ಬೆನ್ ಬ್ರೌಡರ್ ಬಂದರು, ಹಿಂದಿನ ಸೀಸನ್‌ನಲ್ಲಿ ಅತಿಥಿಯಾಗಿ ಬಂದಿದ್ದ ಕ್ಲಾಡಿಯಾ ಬ್ಲ್ಯಾಕ್ ಮರಳಿದರು. ಇಬ್ಬರೂ ಫಾರ್‌ಸ್ಕೇಪ್ ಅನ್ನುವ ಇನ್ನೊಂದು ಬಾಹ್ಯಾಕಾಶ ಸೀರೀಸ್‌ನ ಜೋಡಿ. ಇನ್ನು ಇದು ಫಾರ್‌ಸ್ಕೇಪ್ ಆಗಿಹೋಗುತ್ತದೆ ಅಂತ ಹಳೆಯ ಅಭಿಮಾನಿಗಳು ಆತಂಕಪಟ್ಟರು. ಬ್ಲ್ಯಾಕ್ ಮಾಡಿದ ವಾಲಾ ಮಾತ್ರ ಎಲ್ಲ ಆತಂಕವನ್ನೂ ಗೆದ್ದಳು. ಕಳ್ಳಿ, ಮಾತಿನ ಮಲ್ಲಿ, ಒಳಗೆ ತುಂಬಾ ಒಂಟಿ. ಹಾಗಾಗಿ ಪರಿಚಿತ ಮುಖ ಅಂದ ಕೂಡಲೇ ಹೆದರಬೇಕಿಲ್ಲ.

ಎಲ್ಲರೂ ಇಪ್ಪತ್ತರ ಹರೆಯದವರೇ ಆಗಿಬಿಟ್ಟರೆ?

ಇದು ನನ್ನ ನಿಜವಾದ ಚಿಂತೆ.

1997ರ ಜುಲೈನಲ್ಲಿ ಎಸ್‌ಜಿ-1 ಶುರುವಾದಾಗ ಆಂಡರ್ಸನ್‌ಗೆ 47. ಜಡ್ಜ್‌ಗೆ 32, ಟ್ಯಾಪಿಂಗ್‌ಗೆ 31, ಶ್ಯಾಂಕ್ಸ್‌ಗೆ 26. ಮೇಲೆ ಜನರಲ್ ಹ್ಯಾಮಂಡ್ ಆಗಿ ಡಾನ್ ಎಸ್. ಡೇವಿಸ್, ಐವತ್ತು ದಾಟಿದವರು, ಸ್ವತಃ ಅಮೆರಿಕದ ಸೇನೆಯಲ್ಲಿ ಇದ್ದು ಬಂದವರು. ಅವರು ಒಂದು ಆಜ್ಞೆ ಕೊಟ್ಟರೆ ಅದರಲ್ಲಿ ನಟನೆ ಕಾಣುತ್ತಿರಲಿಲ್ಲ. ಈ ವಯಸ್ಸಿನ ಮೆಟ್ಟಿಲುಗಳಿಂದಲೇ ಅದು ನಿಜವಾದ ಕೆಲಸದ ಜಾಗ ಅನಿಸುತ್ತಿತ್ತು. ಅಮೆರಿಕದ ವಾಯುಪಡೆಯೂ ಸಹಕಾರ ಕೊಟ್ಟಿತ್ತು, ಇಬ್ಬರು ಮುಖ್ಯಸ್ಥರು, ಮೈಕೆಲ್ ರಯಾನ್ ಮತ್ತು ಜಾನ್ ಜಂಪರ್, ತಮ್ಮದೇ ಪಾತ್ರದಲ್ಲಿ ಒಂದೊಂದು ಕಂತಿನಲ್ಲಿ ಕಾಣಿಸಿಕೊಂಡರು.

2006ರಲ್ಲಿ ಬಂದ ಇನ್ನೂರನೇ ಕಂತಿನಲ್ಲಿ ಎಸ್‌ಜಿ-1 ತಂಡವನ್ನು ಹದಿಹರೆಯದವರನ್ನಾಗಿ ಮಾಡಿ ತೋರಿಸುವ ಒಂದು ಅಣಕ ದೃಶ್ಯ ಇದೆ. ಬರೆದವರಿಗೇ ಈ ಒತ್ತಡದ ಅರಿವು ಇತ್ತು. ಮೂರು ವರ್ಷದ ಮೇಲೆ ಯೂನಿವರ್ಸ್ ಬಂದಾಗ ತುಂಬಾ ಅಭಿಮಾನಿಗಳು ಇದೇ ದೂರು ಹೇಳಿದರು: ಸುಂದರವಾದ ಎಳೆ ಮುಖಗಳು ಜಾಸ್ತಿ, ಅನುಭವ ಕಾಣುವ ಮುಖಗಳು ಕಡಿಮೆ. ಆ ದೂರಿನಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧ ರಾಬರ್ಟ್ ಕಾರ್ಲೈಲ್. ಆಗ ಅವರಿಗೆ 48, ತಮ್ಮ ಸ್ಕಾಟಿಷ್ ಉಚ್ಚಾರಣೆ ಬಿಡದೆ ಡಾಕ್ಟರ್ ರಶ್ ಆಗಿ, ಕಥೆ ನಡೆಯುವ ಇಡೀ ಬಾಹ್ಯಾಕಾಶ ಹಡಗನ್ನು ತಮ್ಮ ಸುತ್ತ ತಿರುಗಿಸಿದರು. ಅವನು ಒಳ್ಳೆಯವನಾ ಕೆಟ್ಟವನಾ ಅಂತ ನಲವತ್ತು ಕಂತು ನೋಡಿದರೂ ತೀರ್ಮಾನ ಆಗುವುದಿಲ್ಲ. ಜೊತೆಗೆ ಡೇವಿಡ್ ಬ್ಲೂ ಮಾಡಿದ ಈಲೈ: ಅಮ್ಮನ ಮನೆಯಲ್ಲಿ ಕೂತು ಗೇಮ್ ಆಡುವ ಹುಡುಗ, ಎಳೆ ವಯಸ್ಸಿನವನೇ, ಆದರೆ ಆ ಸೀರೀಸ್‌ನ ಹೃದಯ. ಅಂದರೆ ಎಳೆಯರು ಬರಬಾರದು ಅಂತಲ್ಲ. ಬರೀ ಎಳೆಯರೇ ಇರಬಾರದು.

ದೊಡ್ಡ ಸಿನಿಮಾ ಸ್ಟಾರ್ ಬಂದರೆ ಒಳ್ಳೆಯದಲ್ವಾ?

ಮೊದಲ ವಾರ ನೋಡುವವರು ಹೆಚ್ಚುತ್ತಾರೆ. ಆದರೆ ತುಂಬಾ ಬೇಡಿಕೆ ಇರುವವರು ಎಷ್ಟು ಸೀಸನ್ ಉಳಿಯುತ್ತಾರೆ? ಅಟ್ಲಾಂಟಿಸ್‌ಗೆ ಬಂದಾಗ ಮೊಮೊವಾ ಇವತ್ತಿನ ಮೊಮೊವಾ ಆಗಿರಲಿಲ್ಲ. ಡೇವಿಡ್ ಹ್ಯೂಲೆಟ್ ಮಾಡಿದ ಮೆಕೇ ಎಸ್‌ಜಿ-1ಗೆ ಅತಿಥಿಯಾಗಿ ಬಂದು, ಕಾರ್ಟರ್ ಜೊತೆ ಜಗಳ ಆಡಿ ಹೋದ ಪಾತ್ರ. ಅದೇ ಆಮೇಲೆ ಅಟ್ಲಾಂಟಿಸ್‌ನ ಜೀವಾಳ ಆಯಿತು. ಜೆಲೆಂಕಾ ಅನ್ನುವ ವಿಜ್ಞಾನಿಯನ್ನು ಮಾಡಿದ ಡೇವಿಡ್ ನಿಕಲ್ ಪ್ರಾಗ್‌ನಲ್ಲಿ ಹುಟ್ಟಿದವರು, ಸಿಟ್ಟು ಬಂದಾಗ ಪಾತ್ರ ಚೆಕ್ ಭಾಷೆಯಲ್ಲೇ ಗೊಣಗುತ್ತದೆ, ಅದು ಬಾಯಿಪಾಠದ ಚೆಕ್ ಅಲ್ಲ. ಇಂಥ ಸಣ್ಣ ಪಾತ್ರಗಳ ಆಯ್ಕೆಯಲ್ಲಿ ಕಾಳಜಿ ಕಂಡರೆ ನನಗೆ ದೊಡ್ಡ ಹೆಸರಿಗಿಂತ ಹೆಚ್ಚು ಧೈರ್ಯ ಬರುತ್ತದೆ.

ಈಗಿನ ಸೀರೀಸ್‌ಗಳಲ್ಲಿ ಎಂಟು ಹತ್ತು ಕಂತು ಅಷ್ಟೇ. ಇದರಿಂದ ಕಾಸ್ಟಿಂಗ್‌ಗೆ ಏನು ಸಂಬಂಧ?

ತುಂಬಾ ಸಂಬಂಧ ಇದೆ. ಯಾರೂ ಇದನ್ನು ಸಾಕಷ್ಟು ಮಾತಾಡುತ್ತಿಲ್ಲ.

ಎಸ್‌ಜಿ-1 ಮೊದಲ ಏಳು ಸೀಸನ್ ತಲಾ 22 ಕಂತು, ಆಮೇಲಿನ ಮೂರು ತಲಾ 20. ನಟರಿಗೆ ತಪ್ಪು ಮಾಡಿ ತಿದ್ದಿಕೊಳ್ಳಲು ಸಮಯ ಇತ್ತು. ಮೊದಲ ಕಂತಿನಲ್ಲಿ ಕಾರ್ಟರ್ ಬಾಯಲ್ಲಿ ಗಂಡು ಹೆಣ್ಣಿನ ಅಂಗಾಂಗದ ಬಗ್ಗೆ ಒಂದು ಭಾಷಣದಂಥ ಮಾತು ಹಾಕಿದ್ದರು, ಟ್ಯಾಪಿಂಗ್ ಅವರಿಗೇ ಅದು ಹಿಡಿಸಿರಲಿಲ್ಲ. ಮುಂದೆ ಆ ಧಾಟಿ ಕಡಿಮೆಯಾಗಿ ಪಾತ್ರ ಮನುಷ್ಯಳಾಯಿತು. 2009ರಲ್ಲಿ ಆ ಕಂತನ್ನು ಮತ್ತೆ ಸಂಕಲನ ಮಾಡಿದಾಗ ಆ ಮಾತನ್ನೇ ತೆಗೆದುಹಾಕಿದರು. ಜೋನಸ್‌ಗೂ ಇಡೀ ಒಂದು ದೊಡ್ಡ ಸೀಸನ್ ಸಿಕ್ಕಿದ್ದಕ್ಕೇ ನನ್ನಂಥವರು ಕೊನೆಗೂ ಅವನನ್ನು ಹಚ್ಚಿಕೊಂಡದ್ದು.

ಹತ್ತು ಕಂತಿನಲ್ಲಿ ಅಷ್ಟು ಸಮಯ ಇಲ್ಲ. ಮೂರನೇ ಕಂತಿನೊಳಗೆ ನಾಲ್ಕು ಜನರ ಮಧ್ಯೆ ಏನೋ ಒಂದು ಬೆಚ್ಚಗಿನದು ಹುಟ್ಟದಿದ್ದರೆ ನೋಡುವವರು ಎದ್ದು ಹೋಗುತ್ತಾರೆ. ಹಾಗಾಗಿ ಒಬ್ಬೊಬ್ಬರನ್ನೇ ಬೇರೆ ಬೇರೆ ಆರಿಸಿ ಆಮೇಲೆ ಒಟ್ಟಿಗೆ ನಿಲ್ಲಿಸುವುದು ಬೇಡ. ಮೊದಲೇ ಒಂದು ಕೋಣೆಯಲ್ಲಿ ಕೂರಿಸಿ, ಜಗಳ ಆಡಿಸಿ, ನಗಿಸಿ ನೋಡಲಿ. ಹಿಂದೆ ಕೈಹಿಡಿದದ್ದು ಅದೇ.

ಭಾರತೀಯರು ಯಾರಾದರೂ ಇದ್ದರಾ? ಈ ಸಲ ಇರುತ್ತಾರಾ?

ಮೊದಲಿನಿಂದಲೂ ಇದ್ದಾರೆ, ಗಮನಿಸಿದವರು ಕಡಿಮೆ. ಎರಿಕ್ ಅವಾರಿ ಡಾರ್ಜಿಲಿಂಗ್‌ನಲ್ಲಿ ಹುಟ್ಟಿದವರು. 1994ರ ಸಿನಿಮಾದಲ್ಲಿ ಅಬಿಡಾಸ್ ಗ್ರಹದ ಹಿರಿಯ ಕಾಸುಫ್ ಅವರೇ, ಎಸ್‌ಜಿ-1ನಲ್ಲೂ ಅದೇ ಪಾತ್ರಕ್ಕೆ ಮರಳಿದರು. ನಾಯಕರಿಬ್ಬರೂ ಬದಲಾದರು, ಅವಾರಿ ಬದಲಾಗಲಿಲ್ಲ.

ಎಸ್‌ಜಿ-1ರ ಖಳರು ಹಳೆಯ ದೇವರುಗಳ ವೇಷ ಹಾಕಿಕೊಂಡ ಪರಜೀವಿಗಳು. ಈಜಿಪ್ಟಿನ ದೇವರುಗಳೇ ಹೆಚ್ಚು, ಆದರೆ ನಮ್ಮ ಕಡೆಯ ಹೆಸರುಗಳೂ ಬಂದವು. ಐದನೇ ಸೀಸನ್‌ನಲ್ಲಿ ಕಾಳಿಯಾಗಿ ಬಂದವರು ಸುಲೇಖಾ ಮ್ಯಾಥ್ಯೂ, ಭಾರತೀಯ ಮೂಲದ ಕೆನಡಾ ನಟಿ. ನಿರೃತಿ ಎಂಬ ಹೆಸರಿನವಳೂ ಇದ್ದಳು, ಜನರ ಮೇಲೆ ಪ್ರಯೋಗ ಮಾಡುವ ಕ್ರೂರಿ, ಅವಳನ್ನು ಮಾಡಿದವರು ಕೆನಡಾದ ಜಾಕ್ವೆಲಿನ್ ಸಮೂಡಾ. ನೈಋತ್ಯ ದಿಕ್ಕಿಗೆ ಹೆಸರು ಕೊಟ್ಟ ನಿರೃತಿ ನಮ್ಮ ಹಳೆಯ ದೇವಸ್ಥಾನಗಳ ಒಳಛಾವಣಿಯಲ್ಲಿ ಅಷ್ಟದಿಕ್ಪಾಲಕರ ಸಾಲಿನಲ್ಲಿ ಇರುತ್ತಾನೆ, ಮನುಷ್ಯನ ಮೇಲೆ ಕೂತು. ಆ ಹೆಸರನ್ನು ಅಮೆರಿಕದ ಸೀರೀಸ್‌ನಲ್ಲಿ ಕೇಳಿದಾಗ ನನಗೆ ಮೈ ಜುಮ್ ಅಂದಿತ್ತು. ಸಮೂಡಾ ಚೆನ್ನಾಗಿ ಮಾಡಿದರು. ಆದರೂ ಆ ಹೆಸರಿನ ಹಿಂದಿನ ಮಣ್ಣು ಗೊತ್ತಿರುವ ಒಂದು ಮುಖ ಅಲ್ಲಿ ಇರಬೇಕಿತ್ತು ಅಂತ ಇವತ್ತಿಗೂ ಅನಿಸುತ್ತದೆ.

ಈ ಸಲ ನನ್ನ ಆಸೆ ದೇವರ ಪಾತ್ರ ಅಲ್ಲ. ಅಟ್ಲಾಂಟಿಸ್ ತಂಡದವರು ತೋಳಿನ ಮೇಲೆ ತಂತಮ್ಮ ದೇಶದ ಬಾವುಟ ಹಚ್ಚಿಕೊಂಡಿದ್ದರು. ಅಂಥ ತೋಳಿನ ಮೇಲೆ ತಿರಂಗಾ ಇರುವ ಒಬ್ಬರು ಬೇಕು. ಬೆಂಗಳೂರಿನಿಂದ ಹೋದ ಎಂಜಿನಿಯರ್ ಆಗಲಿ, ಲಿಪಿ ಓದುವ ತಜ್ಞೆಯಾಗಲಿ. ಹೆಸರನ್ನು ಸರಿಯಾಗಿ ಉಚ್ಚರಿಸಲಿ, ಉಚ್ಚಾರಣೆಯನ್ನು ನಗೆಪಾಟಲು ಮಾಡದಿರಲಿ, ಎರಡನೇ ಕಂತಿನಲ್ಲೇ ಸಾಯಿಸದಿರಲಿ. ಅಷ್ಟು ಸಾಕು.

ಹಳಬರು ಮರಳಿ ಬರಬೇಕಾ?

ಬರಬೇಕು, ಆದರೆ ಹೊಸಬರ ಕಾಲಿಗೆ ತೊಡಕಾಗುವಷ್ಟು ಅಲ್ಲ. ಆಂಡರ್ಸನ್ 1950ರಲ್ಲಿ ಹುಟ್ಟಿದವರು, ಅವರನ್ನು ಗುಡ್ಡ ಹತ್ತಿಸುವುದು ಬೇಡ. ಡಾನ್ ಡೇವಿಸ್ 2008ರಲ್ಲೇ ಹೋದರು, ಬಾಲ್ ಪಾತ್ರದ ಕ್ಲಿಫ್ ಸೈಮನ್ 2021ರಲ್ಲಿ ಹೋದರು. ಅವರ ಜಾಗಕ್ಕೆ ಕಂಪ್ಯೂಟರ್‌ನಲ್ಲಿ ಮಾಡಿದ ಮುಖ ತರುವುದು ಖಂಡಿತ ಬೇಡ. ಟ್ಯಾಪಿಂಗ್ ಈಗ ಪಳಗಿದ ನಿರ್ದೇಶಕಿ. ಕ್ಯಾಮೆರಾದ ಹಿಂದೆ ಅವರು ನಿಂತರೂ ನನಗೆ ಅಷ್ಟೇ ಸಂತೋಷ. ಹೊಸ ಸೀರೀಸ್‌ನ ಹೊಣೆ ಹೊತ್ತ ಮಾರ್ಟಿನ್ ಗೆರೊ ಹಿಂದೆ ಅಟ್ಲಾಂಟಿಸ್‌ಗೆ ಬರೆದವರು, ಸಲಹೆಗೆ ಬ್ರಾಡ್ ರೈಟ್ ಮತ್ತು ಜೋಸೆಫ್ ಮಲೋಝಿ ಇದ್ದಾರೆ. ಮನೆಯ ಜನರೇ ಒಳಗೆ ಇರುವುದರಿಂದ ಈ ವಿಷಯದಲ್ಲಿ ನನಗೆ ಭಯ ಕಡಿಮೆ.

ಇಂಥವರು ಆಯ್ಕೆಯಾಗಿದ್ದಾರಂತೆ ಅಂತ ದಿನಾ ಒಂದು ವಿಡಿಯೋ ಬರುತ್ತಿದೆ. ನಂಬಬಹುದಾ?

ಸ್ಟುಡಿಯೋ ಹೇಳುವವರೆಗೆ ಬೇಡ. ಪೋಸ್ಟರ್ ಥರ ಕಾಣುವ ಚಿತ್ರವನ್ನು ಈಗ ಯಾರು ಬೇಕಾದರೂ ಐದು ನಿಮಿಷದಲ್ಲಿ ಮಾಡುತ್ತಾರೆ.

ಇಷ್ಟವಿಲ್ಲದ ಆಯ್ಕೆ ಬಂದರೆ ಸುಮ್ನೆ ಇರಬೇಕಾ?

ಸುಮ್ನೆ ಇರಬೇಕಿಲ್ಲ. ಅಟ್ಲಾಂಟಿಸ್ ಮೂರನೇ ಸೀಸನ್‌ನಲ್ಲಿ ಪಾಲ್ ಮೆಗಿಲಿಯನ್ ಮಾಡಿದ ಡಾಕ್ಟರ್ ಬೆಕೆಟ್‌ನನ್ನು ಸಾಯಿಸಿದಾಗ ಅಭಿಮಾನಿಗಳು ಅಭಿಯಾನ ಮಾಡಿದರು, ವ್ಯಾಂಕೂವರ್‌ವರೆಗೂ ಹೋಗಿ ನಿಂತರು. ಮುಂದಿನ ಸೀಸನ್‌ನಲ್ಲಿ ಬೆಕೆಟ್ ಮರಳಿದ. ಅಲ್ಲಿ ಜನ ಕೇಳಿದ್ದು ಒಬ್ಬರನ್ನು ಉಳಿಸಿ ಅಂತ, ಇನ್ನೊಬ್ಬರನ್ನು ಓಡಿಸಿ ಅಂತ ಅಲ್ಲ. ಆ ಗೆರೆ ದಾಟಬೇಡಿ. ಪಾತ್ರದ ಬಗ್ಗೆ, ಬರವಣಿಗೆ ಬಗ್ಗೆ ಎಷ್ಟು ಬೇಕಾದರೂ ಜಗಳ ಆಡಿ. ಆಡಿಷನ್ ಕೊಟ್ಟು ಕೆಲಸ ಗಿಟ್ಟಿಸಿಕೊಂಡ ಹುಡುಗ ಹುಡುಗಿಯ ಬಣ್ಣ, ಮೈಕಟ್ಟು, ಊರು ಹಿಡಿದು ಬಯ್ಯುವುದನ್ನು ನಾನು ಕೇಳಿಸಿಕೊಂಡು ಕೂರುವುದಿಲ್ಲ. ಹಾಗೆ ಬಯ್ಯುವವರ ಜೊತೆ ನಾನು ಕೂತು ಸೀರೀಸ್ ನೋಡುವುದೂ ಇಲ್ಲ.

ಒಬ್ಬರನ್ನು ಮಾತ್ರ ಆರಿಸುವ ಅವಕಾಶ ಕೊಟ್ಟರೆ ಯಾರನ್ನು ಆರಿಸುತ್ತೀರಿ?

ಗ್ಯಾರಿ ಜೋನ್ಸ್. ಹೆಸರು ಹೇಳಿದರೆ ಎಷ್ಟೋ ಜನಕ್ಕೆ ಮುಖ ನೆನಪಾಗುವುದಿಲ್ಲ. ಮೊದಲ ಕಂತಿನಿಂದ ಕಂಟ್ರೋಲ್ ರೂಮಿನಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದ ವಾಲ್ಟರ್. ಉಂಗುರ ತಿರುಗಿ ಒಂದೊಂದು ಗುರುತು ಕೂಡಿಕೊಂಡಂತೆ ಅದನ್ನು ಜೋರಾಗಿ ಎಣಿಸುವುದೇ ಅವನ ಕೆಲಸ. ಹೊಸ ತಂಡ ಮೊದಲ ಸಲ ಇಳಿಜಾರಿನ ಕೆಳಗೆ ನಿಂತಿರಲಿ, ನಮಗೆ ಅವರ ಹೆಸರೂ ಸರಿಯಾಗಿ ಗೊತ್ತಿರದಿರಲಿ. ಮೇಲಿನ ಕಿಟಕಿಯಿಂದ ಆ ಹಳೆಯ ದನಿ ಏಳನೆಯದನ್ನು ಎಣಿಸಲಿ. ಆಮೇಲೆ ಅವರು ಯಾರೇ ಆಗಿರಲಿ, ಅವರ ಹಿಂದೆಯೇ ನಾನೂ ದಾಟುತ್ತೇನೆ.